ಪೊಲೀಸರ ಸಂಬಳ, ಮಕ್ಕಳ ಪಾಟಿ: ಮುಂಬಯಿ ಪಾಲಿಕೆ ಶಾಲೆಗಳ ಲೆಕ್ಕ

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನಿದ್ದ ಬ್ರಾಂಚಿಗೆ ಪಾಲಿಕೆಯ ಕನ್ನಡ ಶಾಲೆಯೊಂದರ ಮಾಸ್ತರು ಹತ್ತು-ಹನ್ನೆರಡು ಮಕ್ಕಳನ್ನು ಕರೆದುಕೊಂಡು ಬಂದರು. ವಿದ್ಯಾರ್ಥಿವೇತನ ಜಮಾ ಆಗಲು ಖಾತೆ ತೆರೆಯಬೇಕಿತ್ತು. ಜೊತೆಗೆ ತಂದೆತಾಯಿಗಳೂ ಬಂದಿದ್ದರು, ಅಂದಿನ ಕೂಲಿ ಬಿಟ್ಟು. ಏಳನೇ ಇಯತ್ತೆಯ ಹುಡುಗಿಯೊಬ್ಬಳು ತನ್ನ ಅಪ್ಪನ ಫಾರ್ಮನ್ನು ತಾನೇ ತುಂಬಿದಳು. ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದೂ ಅವಳೇ ತೋರಿಸಿದಳು. ನಾನು ಕನ್ನಡದಲ್ಲಿ "ಯಾವೂರವ್ವಾ?" ಎಂದೆ. "ಯಾದಗಿರಿ ರೀ" ಎಂದಳು. ಆಮೇಲೆ ಹೋಗುವಾಗ ತಿರುಗಿ ನಿಂತು, "ಸರ್, ಎಂಟನೇದು ಕನ್ನಡದಾಗ ಎಲ್ಲಿ ಐತ್ರೀ?" ಅಂತ ಕೇಳಿದಳು.

ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ನಾನು ಬಿ.ಕಾಂ. ಓದಿದವನು, ಇತಿಹಾಸಕಾರನಲ್ಲ. ಆದರೆ ಯಾವುದೇ ಸಂಸ್ಥೆಯನ್ನು ತಿಳಿಯಬೇಕಾದರೆ ಮೊದಲು ಅದರ ಜಮಾ-ಖರ್ಚು ನೋಡಬೇಕೆನ್ನುವುದು ನಮ್ಮ ವೃತ್ತಿಯ ಪಾಠ. ಹಾಗೆ ನೋಡುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮುಂಬಯಿ ಮುನ್ಸಿಪಾಲಿಟಿಯ ಮೂಲ ಕಾಯಿದೆ 1888ರದು. ಪ್ರಾಥಮಿಕ ಶಾಲೆ ನಡೆಸುವುದು ಅದರಲ್ಲೇ ಕಡ್ಡಾಯ ಕರ್ತವ್ಯಗಳ ಪಟ್ಟಿಗೆ ಸೇರಿತ್ತು. ಆದರೆ ಆಗ ಆಡಳಿತ ಪೂರ್ತಿಯಾಗಿ ಪಾಲಿಕೆಯ ಕೈಯಲ್ಲಿರಲಿಲ್ಲ, ದುಡ್ಡೂ ಸಾಲುತ್ತಿರಲಿಲ್ಲ. ಊರಿನ ಪೊಲೀಸರ ಖರ್ಚಿನಲ್ಲಿ ದೊಡ್ಡ ಪಾಲು ಪಾಲಿಕೆಯ ತಲೆಯ ಮೇಲಿತ್ತು. ಪೊಲೀಸರನ್ನು ಆಳುವವರು ಸರಕಾರದವರು, ಬಿಲ್ಲು ಕಟ್ಟುವವರು ಊರಿನ ತೆರಿಗೆದಾರರು! ಈ ಜಗಳ ಬಹಳ ವರ್ಷ ನಡೆಯಿತು. ಕೊನೆಗೆ 1907ರಲ್ಲಿ ಪೊಲೀಸ್ ಖರ್ಚಿನ ಕಾಯಿದೆ ಬಂತು. ಪೊಲೀಸರ ಖರ್ಚನ್ನು ಸರಕಾರ ವಹಿಸಿಕೊಂಡಿತು. ಬದಲಿಗೆ ಪ್ರಾಥಮಿಕ ಶಿಕ್ಷಣ ಮತ್ತು ವೈದ್ಯಕೀಯ ನೆರವಿನ ಹೊಣೆ ಪಾಲಿಕೆಗೆ ಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಕಾಂಟ್ರಾ ಎಂಟ್ರಿ. ಭಾರತದ ಬಹುತೇಕ ಊರುಗಳಲ್ಲಿ ಶಾಲೆ ಎಂದರೆ ರಾಜ್ಯ ಸರಕಾರದ ಶಾಲೆ. ಮುಂಬಯಿಯಲ್ಲಿ ನೂರು ವರ್ಷ ಮೀರಿ ಅದು ಪಾಲಿಕೆಯ ಶಾಲೆಯಾಗಿರುವುದರ ಹಿಂದೆ ಈ ಅದಲುಬದಲು ಇದೆ.

ಆಮೇಲೆ ಕಡ್ಡಾಯ ಶಿಕ್ಷಣದ ಮಾತು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಸೂದೆ ಮಂಡಿಸಿದರು, 1912ರಲ್ಲಿ ಅದು ಬಿದ್ದುಹೋಯಿತು. ವಿಠ್ಠಲಭಾಯಿ ಪಟೇಲರು ಬಿಡದೆ 1918ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಯಿದೆ ಮಾಡಿಸಿದರು. ಮುಂಬಯಿ ನಗರ ಮಾತ್ರ ಅದರಿಂದ ಹೊರಗುಳಿದಿತ್ತು. ನಗರಕ್ಕೇ ಪ್ರತ್ಯೇಕ ಕಾಯಿದೆ 1920ರಲ್ಲಿ ಬಂತು.

ಇನ್ನು ನಮ್ಮವರ ಕಥೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಇವೆಲ್ಲ ಆಗ ಮುಂಬಯಿ ಪ್ರಾಂತ್ಯವೇ. ಅಲ್ಲಿಂದ ಬಂದ ಗುಮಾಸ್ತನಿಗೆ ಇದು ಪರದೇಶವಲ್ಲ, ತನ್ನದೇ ರಾಜಧಾನಿ. ದಕ್ಷಿಣ ಕನ್ನಡದವರು ಮದ್ರಾಸ್ ಪ್ರಾಂತ್ಯದಿಂದ ಬಂದು ಹೋಟೆಲು, ಬಂದರು, ಆಫೀಸುಗಳಲ್ಲಿ ನೆಲೆ ಕಂಡರು. ಹಗಲು ಲೋಟ ತೊಳೆದ ಹುಡುಗರು ರಾತ್ರಿ ಶಾಲೆಯಲ್ಲಿ ಕುಳಿತು ಮೆಟ್ರಿಕ್ ಮುಗಿಸಿದರು. ಆ ರಾತ್ರಿ ಶಾಲೆಗಳನ್ನು ಕಟ್ಟಿದವರು ನಮ್ಮ ಸಂಘಗಳೇ. ನನ್ನ ಹಿರಿಯ ಸಹೋದ್ಯೋಗಿಗಳಲ್ಲಿ ಹಾಗೆ ಓದಿ ಬ್ಯಾಂಕಿಗೆ ಬಂದವರು ಇಬ್ಬರಿದ್ದರು.

1956ರ ನವೆಂಬರ್ 1. ನಾವೆಲ್ಲ ರಾಜ್ಯೋತ್ಸವ ಮಾಡುವ ದಿನ. ಆದರೆ ಮುಂಬಯಿಯ ಕನ್ನಡ ಶಾಲೆಗಳಿಗೆ ಆ ದಿನದ ಅರ್ಥವೇ ಬೇರೆ. ಪ್ರಾಂತ್ಯದ ಭಾಷೆಗಳಲ್ಲಿ ಒಂದಾಗಿದ್ದ ಕನ್ನಡ ಅಂದು ಬೆಳಗಾಗುವಷ್ಟರಲ್ಲಿ ಇಲ್ಲಿ ಪಕ್ಕದ ರಾಜ್ಯದ ಭಾಷೆಯಾಯಿತು. ಅದೇ ದಿನ ಜಾರಿಗೆ ಬಂದ ಏಳನೇ ತಿದ್ದುಪಡಿ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು. ಪ್ರಾಥಮಿಕ ಹಂತ ಎಂಬ ಪದವನ್ನು ಗಮನಿಸಿ. ಯಾದಗಿರಿ ಹುಡುಗಿಯ ಪ್ರಶ್ನೆ ಹುಟ್ಟುವುದು ಅಲ್ಲೇ.

ಪಾಲಿಕೆ ಮಾತ್ರ ಶಾಲೆಗಳನ್ನು ಮುಚ್ಚಲಿಲ್ಲ, ಅದನ್ನು ಹೇಳಲೇಬೇಕು. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ - ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿದ ನಗರಸಭೆ ದೇಶದಲ್ಲಿ ಇನ್ನೆಷ್ಟಿವೆ? ಪುಣೆಯ ಬಾಲಭಾರತಿ (1967ರಲ್ಲಿ ಶುರುವಾದದ್ದು) ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಒಂದೇ ಕಟ್ಟಡದಲ್ಲಿ ಕೆಳಗೆ ಮರಾಠಿ ಶಾಲೆ, ಮೇಲೆ ಉರ್ದು, ಅದರ ಮೇಲೆ ಕನ್ನಡ. ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಇನ್ನೊಂದು. ಪ್ರತಿ ಮಾಧ್ಯಮಕ್ಕೂ ಬೇರೆ ಮುಖ್ಯೋಪಾಧ್ಯಾಯರು, ಬೇರೆ ಹಾಜರಿ ಪುಸ್ತಕ.

ಈಗ ದುಡ್ಡಿನ ವಿಷಯ. ಪಾಲಿಕೆಯಲ್ಲಿ ಶಿಕ್ಷಣಕ್ಕೆ ಪ್ರತ್ಯೇಕ ಬಜೆಟ್ ಇದೆ, 'ಇ' ಬಜೆಟ್ ಎನ್ನುತ್ತಾರೆ. 2023-24ರಲ್ಲಿ ಅದು ಸುಮಾರು 3,347 ಕೋಟಿ ರೂಪಾಯಿ. ಬಹಳ ವರ್ಷ ಪಾಲಿಕೆಯ ದೊಡ್ಡ ಆದಾಯ ಆಕ್ಟ್ರಾಯ್ ಆಗಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಅದು ಹೋಯಿತು, ಬದಲಿಗೆ ಪರಿಹಾರದ ಹಣ ಬರತೊಡಗಿತು. ಅಂದರೆ ದುಡ್ಡಿಲ್ಲ ಎನ್ನುವ ಹಾಗಿಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ ಮತ್ತು ಪಿಂಚಣಿ. ಹಾಗಾಗಿ ಚಿಕ್ಕ ಶಾಲೆಯೊಂದನ್ನು ಇನ್ನೊಂದಕ್ಕೆ ಸೇರಿಸಿದರೆ ಉಳಿತಾಯ ಆಗುವುದೂ ಅಷ್ಟಕ್ಕಷ್ಟೆ. ಮಾಸ್ತರು ಸಂಬಳ ಸಮೇತ ಬೇರೆ ಶಾಲೆಗೆ ಹೋಗುತ್ತಾರೆ, ಉಳಿಯುವುದು ಒಂದು ಖಾಲಿ ಕೋಣೆ.

ಹಾಗಾದರೆ ಶಾಲೆ ಸೊರಗುವುದು ಹೇಗೆ? ಉತ್ತರ ಶಿಕ್ಷಕರ ಲೆಕ್ಕದಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಶಾಲೆಗೆ ಇಷ್ಟಾದರೂ ಶಿಕ್ಷಕರು ಸಿಗಲೇಬೇಕು ಎಂಬ ಒಳ್ಳೆಯ ಉದ್ದೇಶದ ನಿಯಮ. ಆದರೆ ಅದನ್ನೇ ಹೆಚ್ಚುವರಿ ಶಿಕ್ಷಕರನ್ನು ಎಣಿಸುವ ಅಳತೆಗೋಲಾಗಿ ಮಾಡಿಕೊಂಡರೆ ಏನಾಗುತ್ತದೆ ನೋಡಿ. 95 ಮಕ್ಕಳ ಶಾಲೆಯಲ್ಲಿ ಎಂಟು ಮಕ್ಕಳು ಕಡಿಮೆಯಾದರೂ ಒಬ್ಬ ಮಾಸ್ತರು ಹೆಚ್ಚುವರಿ. 58ಕ್ಕಿಳಿದರೆ ಐದು ತರಗತಿಗೆ ಇಬ್ಬರೇ. ಒಬ್ಬರು ಒಂದನೆಯವರಿಗೆ ಅಕ್ಷರ ತಿದ್ದಿಸುತ್ತಲೇ ಮೂರನೆಯವರಿಗೆ ಮಗ್ಗಿ ಹೇಳಿಸಬೇಕು. ಅದನ್ನು ಕಂಡ ತಾಯಿ ಮುಂದಿನ ವರ್ಷ ಮಗುವನ್ನು ಬೇರೆಡೆ ಸೇರಿಸುತ್ತಾಳೆ. ಸಂಖ್ಯೆ ಮತ್ತೆ ಇಳಿಯುತ್ತದೆ. ಬ್ಯಾಂಕಿನಲ್ಲಿ ಡೆಪಾಸಿಟ್ ಕಡಿಮೆಯಾಯಿತೆಂದು ಕೌಂಟರ್ ಮುಚ್ಚಿ, ಕೌಂಟರ್ ಇಲ್ಲವೆಂದು ಗ್ರಾಹಕರು ಹೋದರೆ ಆಶ್ಚರ್ಯ ಪಟ್ಟ ಹಾಗೆ!

ಮಕ್ಕಳು ಯಾರು ಎನ್ನುವುದೂ ಬದಲಾಗಿದೆ. ಹಿಂದೆ ಈ ಶಾಲೆಗಳ ಬೆಂಚುಗಳಲ್ಲಿ ಗುಮಾಸ್ತನ ಮಗ, ಮಿಲ್ ಕಾರ್ಮಿಕನ ಮಗಳು ಒಟ್ಟಿಗಿದ್ದರು. 1982ರ ಜನವರಿಯಲ್ಲಿ ಶುರುವಾದ ಮಿಲ್ ಮುಷ್ಕರ ಗಿರಣಗಾಂವಿನ ಮನೆಗಳನ್ನು ಚದುರಿಸಿತು. 2006ರ ಅಕ್ಟೋಬರಿನಿಂದ ಹೋಟೆಲುಗಳಲ್ಲಿ ಬಾಲಕಾರ್ಮಿಕರು ನಿಷಿದ್ಧವಾದರು. ಆಗಬೇಕಾದದ್ದೇ ಆಯಿತು, ಆದರೆ ರಾತ್ರಿ ಶಾಲೆಯ ಹಳೆಯ ಹುಡುಗರ ಕಾಲ ಅಷ್ಟರೊಳಗೇ ಮುಗಿದಿತ್ತು. ನಮ್ಮಂಥ ಮಧ್ಯಮ ವರ್ಗದವರು ಯಾವಾಗಲೋ ಇಂಗ್ಲಿಷಿಗೆ ಹೋದೆವು. 2021ರಲ್ಲಿ ಪಾಲಿಕೆಯೇ ಸಿಬಿಎಸ್‌ಇ ಶಾಲೆಗಳನ್ನು ತೆರೆದಾಗ ಸೀಟಿಗಿಂತ ಅರ್ಜಿ ಹೆಚ್ಚಾಗಿ ಲಾಟರಿ ಎತ್ತಬೇಕಾಯಿತು. ಜನ ಪಾಲಿಕೆಯ ಶಾಲೆ ಬೇಡ ಎನ್ನುತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಕನ್ನಡ ಶಾಲೆಯಲ್ಲಿ ಉಳಿದವರು ಕಲಬುರಗಿ, ಯಾದಗಿರಿ, ವಿಜಾಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹಿಡಿಯುವವರು. ಕೆಲಸ ಮುಗಿದರೆ ಜಾಗ ಬದಲು, ಊರಿನ ಜಾತ್ರೆಗೆ ಹೋದರೆ ತಿಂಗಳು. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರುಹಾಜರಿ. ಮುಂಬಯಿಯಲ್ಲಿ ಕನ್ನಡ ಶಾಲೆಯನ್ನು ಉಳಿಸಿದವರು ಯಾರು ಎಂದು ನಮ್ಮ ಸಂಘಗಳ ವೇದಿಕೆಯಲ್ಲಿ ಕೇಳಿದರೆ ಹಲವರ ಹೆಸರು ಬರುತ್ತದೆ. ಲೆಕ್ಕ ನೋಡಿದರೆ ಈ ಕೂಲಿಕಾರರೇ.

ಇಷ್ಟು ಬರೆದ ಮೇಲೆ ನನ್ನ ಖಾತೆಯನ್ನೂ ತೋರಿಸಬೇಕಲ್ಲ. ನನ್ನ ಇಬ್ಬರು ಮಕ್ಕಳೂ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ್ದು. ಕನ್ನಡ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ನಮ್ಮ ಮನೆಯಿಂದ ಕನ್ನಡ ಶಾಲೆ ನಡೆದು ಹೋಗುವಷ್ಟು ಹತ್ತಿರವಿತ್ತು. ಕನ್ನಡ ಶಾಲೆ ಉಳಿಸಿ ಎಂಬ ಮನವಿಗೆ ನಾನೂ ಸಹಿ ಹಾಕಿದವನೇ.

ಆ ದಿನ ಹುಡುಗಿಯ ಪ್ರಶ್ನೆಗೆ ನನಗೆ ತಕ್ಷಣ ಉತ್ತರ ಗೊತ್ತಿರಲಿಲ್ಲ. ಮೂವತ್ತು ವರ್ಷ ಈ ಊರಿನಲ್ಲಿದ್ದೂ! ಮಾಸ್ತರೇ ವಡಾಲದ ಕನ್ನಡ ಹೈಸ್ಕೂಲಿನ ಹೆಸರು ಹೇಳಿದರು, "ಆದರೆ ದೂರ ಸರ್, ಕಳಿಸ್ತಾರೋ ಇಲ್ಲೋ" ಎಂದರು. ನಿಮ್ಮ ಬಡಾವಣೆಯ ಹತ್ತಿರ ಪಾಲಿಕೆಯ ಕನ್ನಡ ಶಾಲೆ ಇದೆಯೇ? ಒಮ್ಮೆ ಒಳಗೆ ಹೋಗಿ, ಏಳು ಮುಗಿಸಿದ ಮಕ್ಕಳು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿ ನೋಡಿ. ಒಂದು ಮಗುವಿನ ಬಸ್ ಪಾಸಿನ ಖರ್ಚು ಎಷ್ಟಾಗುತ್ತದೆ ಎಂದೂ ಕೇಳಿ. ನಾನು ಕೇಳಿಕೊಂಡು ಬಂದಿದ್ದೇನೆ. ನಮ್ಮ ವಾರ್ಷಿಕೋತ್ಸವದ ಒಂದು ಹೂಮಾಲೆಗಿಂತ ಹೆಚ್ಚೇನಿಲ್ಲ.