ಲಿಥುವೇನಿಯಾದ ಹೊಸ್ತಿಲು, ಒಲೆ ಮತ್ತು ಊಟದ ಮೇಜು

ಲಿಥುವೇನಿಯಾಕ್ಕೆ ಬರುವ ವಿದೇಶಿಯರಿಗೆ ಅಲ್ಲಿನವರು ಮೊದಲು ತಿಳಿಸಿಕೊಡುವ ರೀತಿನೀತಿಗಳಲ್ಲಿ, ಹೊಸ್ತಿಲಿನ ಆಚೀಚೆ ನಿಂತು ಕೈಕುಲುಕಬಾರದೆಂಬುದೂ, ಮನೆಯೊಳಗೆ ಸಿಳ್ಳೆ ಹಾಕಿದರೆ ದೆವ್ವಗಳನ್ನು ಕರೆದಂತಾಗುತ್ತದೆಂಬುದೂ, ಹೂಗಳನ್ನು ಬೆಸಸಂಖ್ಯೆಯಲ್ಲಿಯೇ ಕೊಡಬೇಕೆಂಬುದೂ ಸೇರಿರುತ್ತವೆ. ಇವೆಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ, ಕ್ರೈಸ್ತಧರ್ಮಕ್ಕೆ ಹಿಂದಿನ ಪ್ರಾಚೀನ ಬಾಲ್ಟಿಕ್ ಮತದ ಉಳಿಕೆಗಳೆಂದು ಬಣ್ಣಿಸುವ ವಾಡಿಕೆಯಿದೆ. ಆದರೆ ಇವುಗಳಲ್ಲಿ ಕೆಲವು ನಿಜಕ್ಕೂ ಹಳೆಯವು, ಕೆಲವು ನೆರೆಹೊರೆಯ ನಾಡುಗಳೊಡನೆ ಹಂಚಿಕೊಂಡವು, ಮತ್ತೆ ಕೆಲವು ಚರ್ಚಿನ ಆಶ್ರಯದಲ್ಲಿಯೇ ಬೆಳೆದವು.

ಯೂರೋಪಿನಲ್ಲಿ ತೀರಾ ತಡವಾಗಿ ಕ್ರೈಸ್ತಧರ್ಮವನ್ನು ಒಪ್ಪಿಕೊಂಡ ರಾಜ್ಯ ಲಿಥುವೇನಿಯಾ. ಮಿಂದೌಗಸ್ ಎಂಬ ದೊರೆ 1251ರಲ್ಲಿ ದೀಕ್ಷಾಸ್ನಾನ ಪಡೆದು 1253ರಲ್ಲಿ ಕಿರೀಟ ಧರಿಸಿದನಾದರೂ, 1263ರಲ್ಲಿ ಅವನ ಕೊಲೆಯಾದ ಮೇಲೆ ನಾಡು ಹಳೆಯ ಮತದಲ್ಲಿಯೇ ಮುಂದುವರಿಯಿತು. ಪೋಲೆಂಡಿನ ಸಿಂಹಾಸನವೇರಿದ ಲಿಥುವೇನಿಯಾದ ದೊರೆ ಯೊಗೈಲಾ 1387ರಲ್ಲಿ ತನ್ನ ಪ್ರಜೆಗಳಿಗೆ ದೀಕ್ಷೆ ಕೊಡಿಸಿದನು. ಪಶ್ಚಿಮದ ತಗ್ಗುನಾಡಾದ ಝೆಮಾಯ್ತಿಯಾದಲ್ಲಿ ಈ ಕಾರ್ಯ ಆರಂಭವಾದದ್ದು 1413ರಲ್ಲಿ. ವಿಲ್ನಿಯಸ್‌ನಲ್ಲಿ ಪವಿತ್ರಾಗ್ನಿಯನ್ನು ನಂದಿಸಿ, ಪೂಜ್ಯವೆನಿಸಿದ್ದ ಹಾವುಗಳನ್ನು ಕೊಲ್ಲಿಸಲಾಯಿತೆಂದು ಹದಿನೈದನೆಯ ಶತಮಾನದ ಪೋಲಿಷ್ ಚರಿತ್ರಕಾರ ಯಾನ್ ದ್ಲುಗೋಷ್ ಬರೆದಿದ್ದಾನೆ. ಅವನು ಪಾದ್ರಿಯಾಗಿದ್ದನೆಂಬುದನ್ನೂ, ಘಟನೆಗಳು ನಡೆದು ಎಷ್ಟೋ ಕಾಲವಾದ ಮೇಲೆ ಬರೆದನೆಂಬುದನ್ನೂ ಓದುಗರು ಮರೆಯಬಾರದು. ಹಳೆಯ ಮತದ ಬಗ್ಗೆ ಇಂದು ತಿಳಿದಿರುವ ಬಹುಪಾಲು ಸಂಗತಿಗಳು ಅದನ್ನು ಅಳಿಸಲು ಹೊರಟವರ ಬರಹಗಳಿಂದಲೇ ದೊರೆತಿವೆ.

ಲಿಥುವೇನಿಯನ್ ಭಾಷೆಯ ಮೊದಲ ಅಚ್ಚಾದ ಪುಸ್ತಕವೇ ಇದಕ್ಕೆ ಸಾಕ್ಷಿ. ಮಾರ್ಟಿನಸ್ ಮಜ್ವೀದಸ್ 1547ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಪ್ರಕಟಿಸಿದ ಲೂಥರನ್ ಧರ್ಮಬೋಧೆಯ ಪದ್ಯರೂಪದ ಮುನ್ನುಡಿಯು, ಮನೆಗೆ ಸಂಪತ್ತು ತರುವವೆಂದು ನಂಬಲಾಗಿದ್ದ ಕುಳ್ಳ ಭೂತಗಳಾದ ಕೌಕೈಗಳನ್ನೂ, ನೆಲದ ಒಡೆಯನೆನಿಸಿದ ಝೆಮೇಪಾತಿಸನನ್ನೂ ಕೈಬಿಡಬೇಕೆಂದು ಜನರಿಗೆ ಹೇಳುತ್ತದೆ. ಯೊಗೈಲಾನ ದೀಕ್ಷೆಯಾಗಿ ನೂರರವತ್ತು ವರ್ಷ ಕಳೆದ ಮೇಲೂ ಇಂಥ ಎಚ್ಚರಿಕೆ ಬೇಕಾಯಿತೆಂದರೆ, ಬಯಲಿನ ಪೂಜಾಸ್ಥಾನಗಳು ಅಳಿದರೂ ಮನೆಯೊಳಗಿನ ಆಚರಣೆಗಳು ಅಳಿದಿರಲಿಲ್ಲವೆಂದೇ ಅರ್ಥ. ತೋಪನ್ನು ಕಡಿಸುವುದು ಅರಸನಿಗೆ ಸುಲಭ. ಹೆಂಗಸರು ರಾತ್ರಿ ಒಲೆಯ ಮುಂದೆ ಏನು ಗುನುಗುತ್ತಾರೆಂದು ಕಾಯುತ್ತ ಕೂರುವುದು ಯಾವ ಪಾದ್ರಿಗೂ ಆಗುವ ಕೆಲಸವಲ್ಲ.

ಒಲೆಯ ಬೆಂಕಿಗೆ ಗಾಬಿಯಾ ಎಂಬ ಹೆಸರಿತ್ತು, ಅವಳನ್ನು ಜೀವವುಳ್ಳವಳಂತೆ ನಡೆಸಿಕೊಳ್ಳಲಾಗುತ್ತಿತ್ತು. ಮನೆಯೊಡತಿಯು ರಾತ್ರಿ ಕೆಂಡಗಳನ್ನು ಒಟ್ಟುಗೂಡಿಸಿ, ಮೇಲೆ ಬೂದಿ ಮುಚ್ಚಿ, ಬೆಂಕಿಯನ್ನು ಮಲಗಿಸುತ್ತಿದ್ದಳು; ಆಗ ಪ್ರಾರ್ಥನೆ ಹೇಳಿ ಶಿಲುಬೆಯ ಗುರುತು ಮಾಡುತ್ತಿದ್ದುದರಿಂದ ಹಳೆಯದೂ ಹೊಸದೂ ಒಂದೇ ಕೈಯಲ್ಲಿ ಕೂಡಿಬಂದಿದ್ದವು. ಬೆಂಕಿಗೆ ಉಗುಳುವುದು, ಅದನ್ನು ತುಳಿಯುವುದು ಪಾಪವೆನಿಸಿತ್ತು, ಅಡುಗೆ ಮಾಡುವಾಗ ಚಿಟಿಕೆ ಉಪ್ಪನ್ನು ಅದಕ್ಕೆ ಹಾಕುತ್ತಿದ್ದರು, ಮದುವೆಯಾಗಿ ಹೋಗುವ ಮಗಳು ತವರಿನ ಒಲೆಯ ಬೆಂಕಿಯನ್ನು ಹೊಸ ಮನೆಗೆ ಒಯ್ಯುವ ರೂಢಿಯೂ ಇತ್ತು. ರೈ ಎಂಬ ಧಾನ್ಯದ ಕಪ್ಪು ರೊಟ್ಟಿಗೂ ಇಂಥದೇ ಗೌರವ ಸಲ್ಲುತ್ತಿತ್ತು: ನೆಲಕ್ಕೆ ಬಿದ್ದ ತುಂಡನ್ನು ಎತ್ತಿ ಮುತ್ತಿಡಬೇಕಿತ್ತು. ಫೆಬ್ರವರಿ 5ರಂದು, ಸಂತ ಅಗಾಥಾಳ ದಿನ, ಚರ್ಚಿನಲ್ಲಿ ಹರಸಿದ ರೊಟ್ಟಿಯನ್ನು ಮನೆಯಲ್ಲಿ ಇಟ್ಟುಕೊಂಡರೆ ಬೆಂಕಿಯ ಅನಾಹುತವಾಗದೆಂಬ ನಂಬಿಕೆಯಂತೂ ಇಂದಿಗೂ ಜೀವಂತವಾಗಿದೆ. ಇದನ್ನು ಹಳೆಯ ಮತದ್ದೆನ್ನಬೇಕೋ ಕ್ರೈಸ್ತರದ್ದೆನ್ನಬೇಕೋ ಎಂಬ ವಾದವನ್ನು ವಿದ್ವಾಂಸರು ಮಾಡಬಹುದು, ರೊಟ್ಟಿ ತಂದಿಟ್ಟುಕೊಂಡವರಿಗೆ ಅದು ಬೇಕಿರಲಿಲ್ಲ.

ಈ ಬೆರಕೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕೂಚಿಯೊಸ್‌ನಲ್ಲಿ, ಅಂದರೆ ಡಿಸೆಂಬರ್ 24ರ ರಾತ್ರಿಯೂಟದಲ್ಲಿ. ಮೊದಲ ನಕ್ಷತ್ರ ಮೂಡಿದ ಮೇಲೆ ಮನೆಯವರೆಲ್ಲ ಕೂಡುವ ಮೇಜಿನ ಬಟ್ಟೆಯ ಕೆಳಗೆ ಒಣಹುಲ್ಲು ಹರಡಿರುತ್ತದೆ. ಮಾಂಸವಿಲ್ಲದ, ಸಂಪ್ರದಾಯಸ್ಥರಲ್ಲಿ ಹಾಲುಮೊಟ್ಟೆಗಳೂ ಇಲ್ಲದ, ಹನ್ನೆರಡು ಬಗೆಯ ಭಕ್ಷ್ಯಗಳು ಸಿದ್ಧವಾಗಿರುತ್ತವೆ. ಹೆರಿಂಗ್ ಮೀನು, ಅಣಬೆ, ಬೀಟ್‌ರೂಟ್, ಕ್ರ್ಯಾನ್‌ಬೆರಿ ಹಣ್ಣಿನ ಗಂಜಿ, ಗಸಗಸೆಯ ಹಾಲಿನಲ್ಲಿ ನೆನೆಸಿ ತಿನ್ನುವ ಕೂಚುಕೈ ಎಂಬ ಪುಟ್ಟ ಬಿಸ್ಕತ್ತುಗಳು ಇವುಗಳಲ್ಲಿ ಮುಖ್ಯವಾದವು. ಚರ್ಚಿನಿಂದ ತಂದ ತೆಳುವಾದ ಹಪ್ಪಳದಂಥ ರೊಟ್ಟಿಯನ್ನು ಒಬ್ಬರೊಬ್ಬರ ಕೈಯಿಂದ ಮುರಿದುಕೊಂಡು ಊಟ ಆರಂಭವಾಗುತ್ತದೆ. ಹುಲ್ಲು ಯೇಸು ಹುಟ್ಟಿದ ಗೋದಲಿಯನ್ನೂ, ಹನ್ನೆರಡು ಎಂಬುದು ಅವನ ಶಿಷ್ಯರನ್ನೂ ನೆನಪಿಸುತ್ತವೆಂಬ ವಿವರಣೆ ಸಿಗುತ್ತದೆ. ಆದರೆ ಆ ವರ್ಷ ತೀರಿಕೊಂಡವರಿಗಾಗಿ ಮೀಸಲಿಟ್ಟ ಖಾಲಿ ಜಾಗ, ಅಲ್ಲಿ ಹಚ್ಚಿಟ್ಟ ಮೇಣದಬತ್ತಿ, ಸತ್ತವರ ಆತ್ಮಗಳು ಬಂದು ಉಣ್ಣಲೆಂದು ರಾತ್ರಿಯಿಡೀ ತೆಗೆಯದೆ ಬಿಡುವ ಎಡೆ, ಇವು ಪಿತೃಗಳ ಊಟದ ಲಕ್ಷಣಗಳೇ ಹೊರತು ಜನ್ಮೋತ್ಸವದವಲ್ಲ. ಊಟವಾದ ಮೇಲೆ ಬಟ್ಟೆಯ ಕೆಳಗಿನಿಂದ ಒಬ್ಬೊಬ್ಬರೂ ಒಂದು ಹುಲ್ಲುಕಡ್ಡಿ ಎಳೆಯುತ್ತಾರೆ, ಉದ್ದನೆಯದು ಬಂದವರಿಗೆ ದೀರ್ಘಾಯುಷ್ಯವೆಂದು ಭಾವಿಸುತ್ತಾರೆ. ನಡುರಾತ್ರಿಯಲ್ಲಿ ಕೊಟ್ಟಿಗೆಯ ದನಗಳು ಮಾತನಾಡುತ್ತವೆಂಬ, ಕದ್ದು ಕೇಳಿದವನಿಗೆ ತನ್ನ ಸಾವಿನ ಸುದ್ದಿಯೇ ಕೇಳಬಹುದೆಂಬ ನಂಬಿಕೆಯೂ ಇದೆ.

ಹೂಗಳ ಲೆಕ್ಕಾಚಾರಕ್ಕೆ ಇಂಥ ಆಳವಾದ ಬೇರು ಕಾಣುವುದಿಲ್ಲ. ಸಮಸಂಖ್ಯೆಯ ಹೂ ಸತ್ತವರಿಗೆ ಎಂಬ ನಿಯಮ ರಷ್ಯಾ, ಪೋಲೆಂಡ್, ಉಕ್ರೇನ್‌ಗಳಲ್ಲಿಯೂ ಇದೆ. ಹೂಗುಚ್ಛ ಹಿಡಿದು ಭೇಟಿಗೆ ಹೋಗುವುದು ಹಳ್ಳಿಯ ರೂಢಿಗಿಂತ ಪಟ್ಟಣದ ಶಿಷ್ಟಾಚಾರವೆಂದೇ ತೋರುತ್ತದೆ. ಹೊಸ್ತಿಲಿನ ನಿಷೇಧವೂ ರಷ್ಯಾ, ಪೋಲೆಂಡ್‌ಗಳಲ್ಲಿ ಇರುವುದರಿಂದ ಅದನ್ನು ಲಿಥುವೇನಿಯಾದ್ದು ಮಾತ್ರವೆನ್ನಲಾಗದು. ಆದರೂ ಮನೆಯ ರಕ್ಷಣೆಗೂ ಹೊರಗಿನ ಅಪಾಯಕ್ಕೂ ನಡುವಿನ ಗೆರೆ ಅದೆಂಬ ಭಾವನೆ ಒಲೆಯ ಭಕ್ತಿಯಿದ್ದ ಮನೆಯಲ್ಲಿ ಸುಲಭವಾಗಿ ಬೇರೂರಿರಬೇಕು.

ಸೋವಿಯತ್ ಆಳ್ವಿಕೆಯಲ್ಲಿ ಕ್ರಿಸ್ಮಸ್ ಕೆಲಸದ ದಿನವಾಯಿತು, ಕೂಚಿಯೊಸ್ ಮತ್ತೆ ಬಾಗಿಲು ಮುಚ್ಚಿದ ಮನೆಯೊಳಗಿನ ಆಚರಣೆಯಾಯಿತು. ಸತ್ತವರ ಸಮಾಧಿಗಳ ಮೇಲೆ ದೀಪವಿಡುವ ವೇಲಿನೇಸ್ ದಿನವನ್ನು, ಅಂದರೆ ನವೆಂಬರ್ 2ನ್ನು, ಮಾತ್ರ ಹಾಗೆ ಮನೆಯೊಳಗೆ ಅಡಗಿಸಲಾಗಲಿಲ್ಲ, ಏಕೆಂದರೆ ಸ್ಮಶಾನಕ್ಕೆ ಹೋಗುವವರನ್ನು ತಡೆಯುವುದು ಕಷ್ಟವಿತ್ತು. ಹಂಗೇರಿಯಲ್ಲಿ ದಂಗೆ ನಡೆಯುತ್ತಿದ್ದ 1956ರಲ್ಲಿ, ಅದೇ ದಿನ ವಿಲ್ನಿಯಸ್ ಮತ್ತು ಕೌನಸ್ ನಗರಗಳ ಸ್ಮಶಾನಗಳಲ್ಲಿ ಸೇರಿದ ಜನ ಬೀದಿಗಿಳಿದು ಪ್ರತಿಭಟಿಸಿದರು. ಸ್ವತಂತ್ರ ಲಿಥುವೇನಿಯಾದಲ್ಲಿ ನವೆಂಬರ್ 1 ಸಾರ್ವಜನಿಕ ರಜೆಯಾಗಿತ್ತು. 2020ರಿಂದ ನವೆಂಬರ್ 2ಕ್ಕೂ ರಜೆ ದೊರೆತಿದೆ.