ಮುರಿದ ತೊಡೆಮೂಳೆ: ಚಿಕಿತ್ಸೆಯ ಚರಿತ್ರೆಯಲ್ಲಿ ಬಲಗಳ ಲೆಕ್ಕ

ನಮ್ಮ ದೇಹದ ಅತಿ ಉದ್ದದ, ಅತಿ ಗಟ್ಟಿಯಾದ ಮೂಳೆ ಯಾವುದು? ಈ ಪ್ರಶ್ನೆಗೆ ಪ್ರೌಢಶಾಲೆಯ ವಿದ್ಯಾರ್ಥಿಯೂ ‘ತೊಡೆಮೂಳೆ’ ಎಂದು ಥಟ್ಟನೆ ಉತ್ತರಿಸಬಲ್ಲ. ಆದರೆ, ಅದು ಮುರಿದರೆ ಪ್ರಾಣಕ್ಕೇ ಏಕೆ ಅಪಾಯ ಎಂದು ಕೇಳಿ ನೋಡಿ. ಉತ್ತರ ಅಷ್ಟು ಸುಲಭವಾಗಿ ಬರುವುದಿಲ್ಲ.

ಮೊದಲ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಗುಂಡು ಅಥವಾ ಸಿಡಿಗುಂಡಿನ ಚೂರು ತಾಗಿ ತೊಡೆಮೂಳೆ ಮುರಿದ ಬ್ರಿಟಿಷ್ ಸೈನಿಕರಲ್ಲಿ ನೂರಕ್ಕೆ ಸುಮಾರು 80 ಮಂದಿ ಸಾಯುತ್ತಿದ್ದರು ಎಂದು ಸೇನಾ ವೈದ್ಯರು ಬರೆದಿಟ್ಟಿದ್ದಾರೆ. ಫ್ರಾನ್ಸಿನ ಅರಾಸ್ ಬಳಿ 1917ರ ಏಪ್ರಿಲ್‌ನಲ್ಲಿ ಆರಂಭವಾದ ಕದನದಲ್ಲಿ ಇಂಥದೇ ಗಾಯವಾದವರು 1009 ಮಂದಿ. ಅವರಲ್ಲಿ ಸತ್ತವರು ಶೇಕಡ 15.6 ಮಾತ್ರ. ಈ ಅವಧಿಯಲ್ಲಿ ಪವಾಡದ ಔಷಧವೇನೂ ಬರಲಿಲ್ಲ. ಪೆನಿಸಿಲಿನ್ ಇನ್ನೂ ಪತ್ತೆಯಾಗಿರಲಿಲ್ಲ. ಬದಲಾವಣೆಯಲ್ಲಿ ದೊಡ್ಡ ಪಾಲು ಒಂದು ಕಬ್ಬಿಣದ ಸರಳಿನ ಚೌಕಟ್ಟಿನದು. ಆ ಚೌಕಟ್ಟು ಹೊಸದಾಗಿರಲಿಲ್ಲ, ಅದಕ್ಕೆ ಆಗಲೇ ನಲವತ್ತು ವರ್ಷ ವಯಸ್ಸಾಗಿತ್ತು ಎಂಬುದೇ ಈ ಕಥೆಯ ಸ್ವಾರಸ್ಯ ಮತ್ತು ದುರಂತ.

ಒಳಗೆ ನಡೆಯುವುದೇನು?

ತೊಡೆಯ ಸುತ್ತ ದೇಹದ ಅತಿ ಬಲಿಷ್ಠ ಸ್ನಾಯುಗಳಿವೆ. ಅವು ಸದಾ ಸ್ವಲ್ಪ ಬಿಗಿದುಕೊಂಡೇ ಇರುತ್ತವೆ. ಮೂಳೆ ಗಟ್ಟಿಯಾಗಿರುವವರೆಗೆ ಸ್ನಾಯುಗಳ ಎಳೆತಕ್ಕೆ ಮೂಳೆಯ ಪ್ರತಿಬಲ ಸಮನಾಗಿದ್ದು ಸಮತೋಲ ಉಳಿಯುತ್ತದೆ. ಮೂಳೆ ಮುರಿದ ಕ್ಷಣವೇ ಆ ಪ್ರತಿಬಲ ಇಲ್ಲವಾಗುತ್ತದೆ. ನೋವಿನಿಂದ ಸ್ನಾಯುಗಳು ಇನ್ನಷ್ಟು ಸೆಟೆದು, ತುಂಡುಗಳು ಒಂದರ ಮೇಲೊಂದು ಏರುತ್ತವೆ. ಕಾಲು ಗಿಡ್ಡವಾಗುತ್ತದೆ. ಮೂಳೆಯ ಚೂಪಾದ ಅಂಚು ಪ್ರತಿ ಅಲುಗಾಟದಲ್ಲೂ ಮಾಂಸವನ್ನೂ ರಕ್ತನಾಳಗಳನ್ನೂ ಕೊಯ್ಯುತ್ತದೆ.

ಗಿಡ್ಡವಾದ ತೊಡೆಗೆ ಇನ್ನೊಂದು ಅಪಾಯವಿದೆ. ಅದನ್ನು ತರಗತಿಯಲ್ಲೇ ತೋರಿಸಬಹುದು. ಎ4 ಅಳತೆಯ (29.7 ಸೆಂ.ಮೀ. × 21 ಸೆಂ.ಮೀ.) ಎರಡು ಕಾಗದಗಳನ್ನು ತೆಗೆದುಕೊಳ್ಳಿ. ಒಂದನ್ನು ಉದ್ದುದ್ದವಾಗಿ, ಇನ್ನೊಂದನ್ನು ಅಡ್ಡಡ್ಡವಾಗಿ ಸುತ್ತಿ ಅಂಚಿಗೆ ಅಂಚು ಸೇರಿಸಿ ಅಂಟಿಸಿ. ಎತ್ತರದ ಒಂದು ಕೊಳವೆ, ಗಿಡ್ಡದ ಒಂದು ಕೊಳವೆ ಸಿಗುತ್ತವೆ. ಎರಡರ ಮೇಲ್ಮೈ ಒಂದೇ. ಎತ್ತರದ ಕೊಳವೆಯನ್ನು ಗಿಡ್ಡದರೊಳಗೆ ನಿಲ್ಲಿಸಿ, ಅದರ ತುಂಬ ಮಂಡಕ್ಕಿ ಸುರಿದು, ನಿಧಾನವಾಗಿ ಮೇಲೆತ್ತಿ. ಗಿಡ್ಡ ಕೊಳವೆ ತುಂಬುವುದಿಲ್ಲ! ಮೊದಲನೆಯದರ ಗಾತ್ರ ಸುಮಾರು 1040 ಘನ ಸೆಂ.ಮೀ., ಎರಡನೆಯದರದು ಸುಮಾರು 1470. ಸುತ್ತು ಮೇಲ್ಮೈ ಸ್ಥಿರವಾಗಿದ್ದರೆ ಕೊಳವೆಯ ಗಾತ್ರ ಅದರ ಉದ್ದಕ್ಕೆ ವಿಲೋಮಾನುಪಾತದಲ್ಲಿರುತ್ತದೆ.

ಈಗ 40 ಸೆಂ.ಮೀ. ಉದ್ದ, 8 ಸೆಂ.ಮೀ. ತ್ರಿಜ್ಯದ ತೊಡೆಯನ್ನು ಕಲ್ಪಿಸಿಕೊಳ್ಳಿ. ಅದರ ಗಾತ್ರ ಸುಮಾರು 8 ಲೀಟರ್. ಅದು 4 ಸೆಂ.ಮೀ. ಗಿಡ್ಡವಾದರೆ ಗಾತ್ರ ಒಂಬತ್ತನೆಯ ಒಂದು ಭಾಗದಷ್ಟು, ಎಂದರೆ ಸುಮಾರು 0.9 ಲೀಟರ್ ಹೆಚ್ಚುತ್ತದೆ. ನಿಜವಾದ ತೊಡೆ ಕಾಗದದ ಕೊಳವೆಯಲ್ಲ. ಇದು ಸ್ಥೂಲ ಲೆಕ್ಕ. ಆದರೂ ರಕ್ತ ತುಂಬಿಕೊಳ್ಳಲು ಜಾಗ ಹೇಗೆ ಹುಟ್ಟುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಚರ್ಮ ಹರಿಯದೆ ತೊಡೆಮೂಳೆ ಮುರಿದವರಲ್ಲೂ ಒಂದರಿಂದ ಒಂದೂವರೆ ಲೀಟರ್ ರಕ್ತ ಒಳಗೇ ಸೋರಿಹೋಗಬಹುದು. ವಯಸ್ಕನ ದೇಹದಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್ ಎಂಬುದನ್ನು ನೆನಪಿಡಿ. ಕಾಲನ್ನು ಮತ್ತೆ ಮೊದಲಿನ ಉದ್ದಕ್ಕೆ ಎಳೆದು ಹಿಡಿದರೆ ಈ ಜಾಗ ಕುಗ್ಗುತ್ತದೆ, ತುಂಡುಗಳ ಕೊಯ್ತ ನಿಲ್ಲುತ್ತದೆ, ನೋವೂ ಇಳಿಯುತ್ತದೆ.

ಪ್ರಾಚೀನರಿಗೆ ಗೊತ್ತಿದ್ದುದು, ಗೊತ್ತಿಲ್ಲದ್ದು

ಎಳೆದು ಹಿಡಿಯಬೇಕೆಂಬುದು ಹಳೆಯ ತಿಳಿವಳಿಕೆಯೇ. ಗ್ರೀಸಿನ ಹಿಪೊಕ್ರೆಟಿಸ್‌ನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಮೂಳೆ ಎಳೆಯುವ ಮರದ ಮಣೆಯ ವಿವರಣೆ ಇದೆ. ನಮ್ಮ ಸುಶ್ರುತ ಸಂಹಿತೆ ಮೂಳೆ ಮುರಿತದಲ್ಲಿ 12 ಬಗೆ, ಕೀಲು ತಪ್ಪುವುದರಲ್ಲಿ 6 ಬಗೆ ಹೇಳುತ್ತದೆ. ಮರದ ತೊಗಟೆ, ಬಿದಿರಿನ ದಬ್ಬೆಗಳಿಂದ ಕಟ್ಟುವ ಕ್ರಮವೂ, ಕಾಲು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ ಗೂಟಗಳಿಗೆ ಕಟ್ಟಿ ಅಲುಗದಂತೆ ಇಡುವ ಕ್ರಮವೂ ಅದರಲ್ಲಿವೆ. ನಮ್ಮ ಹಳ್ಳಿಗಳ ದಬ್ಬೆ ಕಟ್ಟು ಇದೇ ಬಗೆಯದು.

ಆದರೆ ಮೂಳೆ ಚರ್ಮವನ್ನು ಸೀಳಿ ಹೊರಬಂದರೆ ಎಲ್ಲ ದೇಶಗಳ ವೈದ್ಯರೂ ಸೋಲುತ್ತಿದ್ದರು. ಗಾಯ ಕೊಳೆಯುತ್ತಿತ್ತು. ಕಾಲನ್ನು ಕತ್ತರಿಸುವುದೊಂದೇ ದಾರಿಯಾಗಿತ್ತು. ಇದಕ್ಕೆ ಉತ್ತರ ಕೊಟ್ಟವನು ಜೋಸೆಫ್ ಲಿಸ್ಟರ್. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳು ಕಾರಣ ಎಂಬ ಪಾಶ್ಚರನ ಶೋಧವನ್ನು ಓದಿಕೊಂಡಿದ್ದ ಆತ, 1865ರ ಆಗಸ್ಟ್ 12ರಂದು ಗ್ಲಾಸ್ಗೋದಲ್ಲಿ 11 ವರ್ಷದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಹಾಕಿದ. ಗಾಡಿಯ ಚಕ್ರ ಹರಿದು ಹುಡುಗನ ಮೊಣಕಾಲಿನ ಕೆಳಗಿನ ಮೂಳೆ ಮುರಿದು ಹೊರಬಂದಿತ್ತು. ಗಾಯ ಕೀವಾಗಲಿಲ್ಲ; ಆರು ವಾರಗಳಲ್ಲಿ ಮೂಳೆ ಕೂಡಿತು. ಮುಂದೆ ಮೂಳೆಯ ಶಸ್ತ್ರಚಿಕಿತ್ಸೆಗೆ ಬಾಗಿಲು ತೆರೆದದ್ದು ಇದೇ.

ಲಿವರ್‌ಪೂಲಿನ ಥಾಮಸ್

ಹ್ಯೂ ಓವನ್ ಥಾಮಸ್ (1834–1891) ಹುಟ್ಟಿದ್ದು ವೇಲ್ಸ್‌ನ ಒಂದು ನಾಟಿ ವೈದ್ಯರ ಮನೆತನದಲ್ಲಿ. ಮೂಳೆ ಕೂಡಿಸುವುದು ಅವರ ಕುಲಕಸುಬು. ಥಾಮಸ್ ವೈದ್ಯ ಪದವಿ ಪಡೆದು ಲಿವರ್‌ಪೂಲಿನಲ್ಲಿ ಬಂದರಿನ ಕೂಲಿಗಳಿಗೂ ಬಡವರಿಗೂ ಚಿಕಿತ್ಸೆ ಕೊಡುತ್ತಿದ್ದ. ತನ್ನ ಸಾಧನಗಳನ್ನು ತಾನೇ ರೂಪಿಸುತ್ತಿದ್ದ. ಮೊಣಕಾಲಿನ ಕ್ಷಯರೋಗಕ್ಕೆಂದು ಆತ ಮಾಡಿದ ಚೌಕಟ್ಟೇ ಮುಂದೆ ‘ಥಾಮಸ್ ಸ್ಪ್ಲಿಂಟ್’ ಎಂದು ಹೆಸರಾಯಿತು. ಅದರ ವಿವರ 1875ರ ಆತನ ಪುಸ್ತಕದಲ್ಲಿದೆ.

ಇದರ ರಚನೆ ಬಹಳ ಸರಳ. ತೊಡೆಯ ಬುಡಕ್ಕೆ ಮೆತ್ತೆ ಹೊಲಿದ ಒಂದು ಬಳೆ. ಬಳೆಯಿಂದ ಕಾಲಿನ ಎರಡೂ ಪಕ್ಕ ಹೊರಟು ಪಾದದಾಚೆ ಕೂಡುವ ಕಬ್ಬಿಣದ ಸರಳು. ಪಾದವನ್ನು ಎಳೆದು ಸರಳಿನ ತುದಿಗೆ ಬಿಗಿದು ಕಟ್ಟಿದರೆ, ಬಳೆಯು ನಾವು ಕೂತಾಗ ನೆಲಕ್ಕೆ ಒತ್ತುವ ಸೊಂಟದ ಮೂಳೆಗೆ ಆನಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ರಾಟೆಯ ಮೇಲಿಂದ ತೂಕ ಇಳಿಬಿಟ್ಟು ಕಾಲನ್ನು ಎಳೆಯುವುದನ್ನು ನೀವು ನೋಡಿರಬಹುದು. ಅಲ್ಲಿ ಎಳೆತಕ್ಕೆ ಗುರುತ್ವ ಬೇಕು, ಅಲುಗದ ಮಂಚ ಬೇಕು. ಥಾಮಸನ ಚೌಕಟ್ಟಿನಲ್ಲಿ ಕ್ರಿಯೆ ಮತ್ತು ಪ್ರತಿಕ್ರಿಯೆ ಎರಡೂ ರೋಗಿ–ಚೌಕಟ್ಟುಗಳ ನಡುವೆಯೇ ಮುಗಿಯುತ್ತವೆ. ಮುರಿದ ಮೂಳೆ ಕಳೆದುಕೊಂಡ ಪ್ರತಿಬಲವನ್ನು ಸರಳು ಕೊಡುತ್ತದೆ. ಹೀಗಾಗಿ ರೋಗಿಯನ್ನು ಹೊತ್ತುಕೊಂಡು ಎಲ್ಲಿಗೆ ಹೋದರೂ ಎಳೆತ ಸಡಿಲವಾಗುವುದಿಲ್ಲ.

ಆದರೆ ಥಾಮಸ್‌ಗೆ ದೊಡ್ಡ ಆಸ್ಪತ್ರೆಯ ಹುದ್ದೆಯಾಗಲೀ ಲಂಡನ್ನಿನ ವೈದ್ಯವಲಯದ ಬೆಂಬಲವಾಗಲೀ ಇರಲಿಲ್ಲ. ಆತ ತೀರಿಕೊಂಡಾಗ ಈ ಸಾಧನದ ಬೆಲೆ ತಿಳಿದಿದ್ದವರು ಕೆಲವರೇ. ಅವರಲ್ಲಿ ಮುಖ್ಯನಾದವನು ಆತನ ಬಳಿಯೇ ಪಳಗಿದ ರಾಬರ್ಟ್ ಜೋನ್ಸ್ (1857–1933), ಥಾಮಸನ ಹೆಂಡತಿಯ ಕಡೆಯ ಸಂಬಂಧಿ.

ಕ್ಷ-ಕಿರಣಕ್ಕೆ ಬೇಕಾದದ್ದು ವಾರಗಳು ಮಾತ್ರ

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದನ್ನು ನೋಡಿ. ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡದ್ದು 1895ರ ನವೆಂಬರ್ 8ರಂದು. ಲೇಖನ ಸಲ್ಲಿಸಿದ್ದು ಡಿಸೆಂಬರ್ 28ರಂದು. ಮರುವರ್ಷದ ಫೆಬ್ರುವರಿಯಲ್ಲೇ ಇದೇ ರಾಬರ್ಟ್ ಜೋನ್ಸ್, ಮಣಿಕಟ್ಟಿನಲ್ಲಿ ಗುಂಡು ಹೊಕ್ಕ ಹುಡುಗನೊಬ್ಬನನ್ನು ಲಿವರ್‌ಪೂಲಿನ ಭೌತವಿಜ್ಞಾನಿ ಆಲಿವರ್ ಲಾಡ್ಜ್‌ನ ಪ್ರಯೋಗಾಲಯಕ್ಕೆ ಕರೆದೊಯ್ದ. ಚಿತ್ರದಲ್ಲಿ ಗುಂಡು ಎಲ್ಲಿದೆ ಎಂಬುದು ಕಂಡಿತು. ಅದೇ ತಿಂಗಳು ಇವರಿಬ್ಬರ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಮೂಳೆ ಏಕೆ ಕಾಣುತ್ತದೆ? ಮಾಂಸದಲ್ಲಿರುವುದು ಹೆಚ್ಚಾಗಿ ಹೈಡ್ರೊಜನ್, ಇಂಗಾಲ, ಸಾರಜನಕ, ಆಮ್ಲಜನಕ. ಮೂಳೆಯಲ್ಲಿ ರಂಜಕ (ಪರಮಾಣು ಸಂಖ್ಯೆ 15) ಮತ್ತು ಕ್ಯಾಲ್ಸಿಯಂ (20) ಹೇರಳ. ದ್ಯುತಿವಿದ್ಯುತ್ ಪರಿಣಾಮದಿಂದ ಆಗುವ ಹೀರಿಕೆ ಪರಮಾಣು ಸಂಖ್ಯೆಯ ಸುಮಾರು ಮೂರನೆಯ ಘಾತದಂತೆ ಏರುವುದರಿಂದ ಮೂಳೆಯ ನೆರಳು ಬೀಳುತ್ತದೆ. ಆದರೆ ಅದು ನೆರಳು ಮಾತ್ರ. ಎರಡು ತುಂಡುಗಳು ಒಂದರ ಹಿಂದೊಂದು ಸರಿದಿದ್ದರೆ ಎದುರಿನ ಚಿತ್ರದಲ್ಲಿ ಮೂಳೆ ನೇರವಾಗಿಯೇ ಕಾಣಬಹುದು. ಮುರಿತಕ್ಕೆ ಲಂಬ ದಿಕ್ಕುಗಳ ಎರಡು ಚಿತ್ರ ತೆಗೆಯುವುದು ಇದಕ್ಕಾಗಿಯೇ.

ಕ್ಷ-ಕಿರಣ ಕೆಲವೇ ವಾರಗಳಲ್ಲಿ ಆಸ್ಪತ್ರೆಗೆ ಬಂದಿತು. ಸರಳಿನ ಚೌಕಟ್ಟು ನಲವತ್ತು ವರ್ಷ ಕಾಯಿತು. ಕ್ಷ-ಕಿರಣದ ಚಿತ್ರ ತನ್ನ ಬೆಲೆಯನ್ನು ತಾನೇ ಸಾರುತ್ತಿತ್ತು. ಎಳೆದು ಕಟ್ಟಿದ ಕಾಲಿನ ಬೆಲೆ ತಿಳಿಯಬೇಕಾದರೆ ನೂರಾರು ಗಾಯಾಳುಗಳ ಲೆಕ್ಕ ಬೇಕು, ಕಟ್ಟುವ ಕೈಗಳಿಗೆ ತರಬೇತಿ ಬೇಕು.

ಯುದ್ಧಭೂಮಿಯಲ್ಲಿ

ಜೋನ್ಸ್‌ಗೆ ಇಂಥ ವ್ಯವಸ್ಥೆಯ ಅನುಭವವಿತ್ತು. 1887ರಿಂದ 1894ರವರೆಗೆ ತೋಡಿದ 58 ಕಿ.ಮೀ. ಉದ್ದದ ಮ್ಯಾಂಚೆಸ್ಟರ್ ಹಡಗು ಕಾಲುವೆಯ ಕೆಲಸದಲ್ಲಿ ಸಾವಿರಾರು ಕೂಲಿಗಳಿದ್ದರು. ಕಾಲುವೆಯುದ್ದಕ್ಕೂ ಪ್ರಥಮ ಚಿಕಿತ್ಸೆಯ ಠಾಣೆಗಳು, ನಡುನಡುವೆ ಆಸ್ಪತ್ರೆಗಳು, ಅವುಗಳಿಗೆ ಗಾಯಾಳುಗಳನ್ನು ಬೇಗ ಸಾಗಿಸುವ ಏರ್ಪಾಡು, ಇವೆಲ್ಲ ಜೋನ್ಸ್‌ನ ಉಸ್ತುವಾರಿಯಲ್ಲಿದ್ದವು.

1914ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮುರಿದ ತೊಡೆಗೆ ಉದ್ದನೆಯ ಹಲಗೆಯನ್ನೋ, ಅದೂ ಇಲ್ಲದಿದ್ದರೆ ಬಂದೂಕನ್ನೋ ಕಟ್ಟಿ ಸಾಗಿಸುತ್ತಿದ್ದರು. ಹಲಗೆ ಕಾಲನ್ನು ನೇರವಾಗಿ ಇಟ್ಟೀತು, ಎಳೆದು ಹಿಡಿಯದು. ಗಾಯಾಳು ಆಸ್ಪತ್ರೆ ತಲುಪುವಾಗ ರಕ್ತ ಬರಿದಾಗಿ ತಣ್ಣಗಾಗಿರುತ್ತಿದ್ದ. ಜೋನ್ಸ್ ಮತ್ತು ಆತನ ಸಂಗಡಿಗರ ಒತ್ತಾಯದಿಂದ ಥಾಮಸ್ ಸ್ಪ್ಲಿಂಟ್ ಮುಂಚೂಣಿಯ ಠಾಣೆಗಳನ್ನು ಮುಟ್ಟಿತು. ಡೋಲಿ ಹೊರುವ ಸಿಪಾಯಿಗಳಿಗೆ ಕವಾಯತಿನಂತೆ, ಸಂಖ್ಯೆ ಕೂಗಿ, ಹಂತ ಹಂತವಾಗಿ ಅದನ್ನು ಕಟ್ಟಲು ಕಲಿಸಿದರು. ಷರಾಯಿ, ಬೂಟು ಬಿಚ್ಚದೆ ಅವುಗಳ ಮೇಲೆಯೇ ಕಟ್ಟಬೇಕು. ಕತ್ತಲಲ್ಲೂ ಕೈ ತಪ್ಪಬಾರದು.

ಆರಂಭದಲ್ಲಿ ಹೇಳಿದ ಇಳಿಕೆಗೆ ಇದೊಂದೇ ಕಾರಣ ಎನ್ನುವುದು ಸರಿಯಲ್ಲ. ಸತ್ತ ಮಾಂಸವನ್ನು ಬೇಗನೆ ಕತ್ತರಿಸಿ ಗಾಯ ಶುಚಿಗೊಳಿಸುವುದು, ರಕ್ತಪೂರಣ, ಮುಂಚೂಣಿಗೆ ಹತ್ತಿರದ ಶಸ್ತ್ರಚಿಕಿತ್ಸಾ ಕೇಂದ್ರಗಳು, ಎಲ್ಲವೂ ಆಗ ಸುಧಾರಿಸುತ್ತಿದ್ದವು. ಶೇಕಡ 80 ಎಂಬುದೂ ಗೊಂದಲದ ದಿನಗಳ ಅಂದಾಜೇ. ಆದರೆ ಶಸ್ತ್ರವೈದ್ಯನ ಮೇಜಿನವರೆಗೆ ಗಾಯಾಳು ಜೀವಂತ ತಲುಪಬೇಕಲ್ಲ! ಅದನ್ನು ಸಾಧ್ಯಮಾಡಿದ್ದು ಎಳೆತ.

ಮೂಳೆಯೊಳಗಿನ ಸಲಾಕೆ

ಜೀವ ಉಳಿದರೂ ರೋಗಿ ಎರಡು–ಮೂರು ತಿಂಗಳು ಎಳೆತದಲ್ಲಿ ಮಲಗಿರಬೇಕಿತ್ತು. ಇದನ್ನು ಬದಲಿಸಿದವನು ಜರ್ಮನಿಯ ಕೀಲ್ ನಗರದ ಗೆರ್ಹಾರ್ಡ್ ಕುಂಚರ್. 1939ರಲ್ಲಿ ಆತ ತೊಡೆಮೂಳೆಯ ನಡುವಣ ಟೊಳ್ಳಿನೊಳಗೆ ಉದ್ದನೆಯ ಉಕ್ಕಿನ ಸಲಾಕೆಯನ್ನು ತೂರಿಸಿ ತುಂಡುಗಳನ್ನು ಜೋಡಿಸಿದ. 1940ರಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ಇದನ್ನು ಮಂಡಿಸಿದಾಗ ಹಿರಿಯ ಶಸ್ತ್ರವೈದ್ಯರಲ್ಲಿ ಹಲವರು ವಿರೋಧಿಸಿದರು. ಮೂಳೆಯ ಮಜ್ಜೆಯನ್ನು ಕೆಡಿಸುವುದೇ ಎಂಬ ಆಕ್ಷೇಪ ಅವರದು. ಯುದ್ಧ ಮುಗಿಯುವ ಹೊತ್ತಿಗೆ ಸೆರೆಯಿಂದ ಮರಳಿದ ಸೈನಿಕರ ಕ್ಷ-ಕಿರಣ ಚಿತ್ರಗಳಲ್ಲಿ ಸಲಾಕೆ ಕಂಡು ಇತರ ದೇಶಗಳ ವೈದ್ಯರು ಬೆರಗಾದರು.

ಭೌತವಿಜ್ಞಾನದ ವಿದ್ಯಾರ್ಥಿಗೆ ಇದರ ಜಾಣ್ಮೆ ಕೂಡಲೇ ತಿಳಿಯುತ್ತದೆ. ಮೂಳೆಯ ಪಕ್ಕಕ್ಕೆ ಲೋಹದ ಪಟ್ಟಿ ಬಿಗಿದರೆ ಅದು ದೇಹದ ಭಾರ ಹಾಯುವ ರೇಖೆಯಿಂದ ಇನ್ನಷ್ಟು ದೂರ ಉಳಿಯುತ್ತದೆ. ಬಲ ಮತ್ತು ದೂರಗಳ ಗುಣಲಬ್ಧವೇ ಬಾಗಿಸುವ ಮಹತ್ತು. ಮೂಳೆಯ ನಡುವೆಯೇ ಇರುವ ಸಲಾಕೆಗೆ ಈ ದೂರ ಕಡಿಮೆ. ಸಾಧನ ಭಾರವನ್ನು ಮೂಳೆಯೊಂದಿಗೆ ಹಂಚಿಕೊಳ್ಳುತ್ತದೆ. ಸಲಾಕೆಯ ಎರಡೂ ತುದಿಗಳಿಗೆ ಅಡ್ಡ ಸ್ಕ್ರೂ ಹಾಕುವ ಕ್ರಮ 1970ರ ದಶಕದಲ್ಲಿ ರೂಢಿಗೆ ಬಂದ ಮೇಲೆ ಮೂಳೆ ತಿರುಚಿಕೊಳ್ಳುವುದೂ ಗಿಡ್ಡವಾಗುವುದೂ ತಪ್ಪಿತು. ಇಂದು ಇಂಥ ರೋಗಿಗಳಲ್ಲಿ ಅನೇಕರನ್ನು ಶಸ್ತ್ರಚಿಕಿತ್ಸೆಯ ಒಂದೆರಡು ದಿನಗಳಲ್ಲೇ ಎಬ್ಬಿಸಿ ನಡೆಸುತ್ತಾರೆ. ಆದರೆ ಈ ಸ್ಕ್ರೂ ಹಾಕಲು ಒಳಗಿನ ತೂತು ಕಾಣಬೇಕು. ಅದಕ್ಕೆ ನೇರ ಪ್ರಸಾರದ ಕ್ಷ-ಕಿರಣ ಯಂತ್ರ ಬೇಕು. ಅದಿಲ್ಲದ ಆಸ್ಪತ್ರೆಗಳಿಗಾಗಿ, ಹೊರಗಿನ ಚೌಕಟ್ಟಿನಿಂದಲೇ ಗುರಿ ಹಿಡಿಯುವ ಸಲಾಕೆಯನ್ನು ಅಮೆರಿಕದ ಲೂಯಿಸ್ ಜರ್ಕಲ್ 1999ರಲ್ಲಿ ಸ್ಥಾಪಿಸಿದ ‘ಸೈನ್’ ಸಂಸ್ಥೆ ಒದಗಿಸುತ್ತಿದೆ.

ನಮಗೇನು ಪಾಠ?

ಮೂಳೆಯನ್ನು ಕೂಡಿಸುವುದು ವೈದ್ಯನಲ್ಲ, ಮೂಳೆಯೇ. ಅದು ಕೂಡಲು ಬೇಕಾದ ಬಲಗಳ ಸಮತೋಲವನ್ನು ಒದಗಿಸುವುದಷ್ಟೇ ಮನುಷ್ಯನ ಕೆಲಸ. ಆ ಲೆಕ್ಕ ಸರಿಯಾಗಿದ್ದರೂ ಅದು ಗಾಯವಾದ ಜಾಗಕ್ಕೆ ತಲುಪುವವರೆಗೆ ನಿಷ್ಫಲ. 1875ರಲ್ಲಿ ಪುಸ್ತಕದಲ್ಲಿದ್ದದ್ದು 1914ರಲ್ಲಿ ಡೋಲಿ ಹೊರುವವನ ಕೈಯಲ್ಲಿರಲಿಲ್ಲ.

ನಮ್ಮ ರಸ್ತೆಗಳಲ್ಲಿ ಬೈಕಿನಿಂದ ಬಿದ್ದವನ ಬಳಿ ಮೊದಲು ಓಡಿಬರುವವರು ದಾರಿಹೋಕರು. ಒಬ್ಬರು ಹೆಗಲು, ಇನ್ನೊಬ್ಬರು ಕಾಲು ಹಿಡಿದು ಎತ್ತಿ, ಮಡಿಸಿ, ಆಟೋದಲ್ಲಿ ತುರುಕುವುದನ್ನು ನೀವೂ ಕಂಡಿರಬಹುದು. ಅವರ ಉದ್ದೇಶ ಒಳ್ಳೆಯದೇ. ಆದರೆ ತೊಡೆಯೊಳಗೆ ಏನಾಗುತ್ತದೆ ಎಂಬುದು ಈಗ ನಿಮಗೆ ಗೊತ್ತು. ಕಾಲನ್ನು ನೀವಾಗಿ ಎಳೆಯಬೇಡಿ. ಅದು ತರಬೇತಾದವರ ಕೆಲಸ. 108ಕ್ಕೆ ಕರೆ ಮಾಡಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ವಾಹನಗಳಿಂದ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಇದ್ದಲ್ಲೇ ಅಲುಗದಂತೆ ಮಲಗಿಸಿ. ಕುಡಿಯಲು, ತಿನ್ನಲು ಏನನ್ನೂ ಕೊಡಬೇಡಿ. ನೆರವಾದವರಿಗೆ ಪೊಲೀಸು, ಕೋರ್ಟಿನ ಕಿರುಕುಳ ಆಗದಂತೆ ಸುಪ್ರೀಂ ಕೋರ್ಟು 2016ರಲ್ಲಿ ರಕ್ಷಣೆ ಕೊಟ್ಟಿದೆ. 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲೂ ಅದು ಸೇರಿದೆ.

ಅಧ್ಯಾಪಕರೇ, ನ್ಯೂಟನ್ನನ ಮೂರನೆಯ ನಿಯಮವನ್ನು ಪಾಠ ಮಾಡುವ ದಿನ ಎರಡು ಕಾಗದ, ಒಂದು ಸೇರು ಮಂಡಕ್ಕಿ ಒಯ್ಯಿರಿ. ಆ ತರಗತಿಯಲ್ಲಿ ಕೂತ ಒಬ್ಬ ಹುಡುಗ ಅಥವಾ ಹುಡುಗಿ ಮುಂದೊಂದು ದಿನ ರಸ್ತೆಯ ಬದಿಯಲ್ಲಿ ‘ಎತ್ತಬೇಡಿ, ನಿಲ್ಲಿ’ ಎಂದರೆ, ಪಾಠ ತಲುಪಬೇಕಾದ ಕಡೆಗೆ ತಲುಪಿತು ಎಂದೇ ಅರ್ಥ.