ಕರಾವಳಿಯ ಇಗರ್ಜಿಯೂ ಊರ ಬಾಳೂ

ಭಾನುವಾರದ ಬಲಿಪೂಜೆ ಮುಗಿಯುತ್ತ ಬಂದಾಗ ಮಂಗಳೂರು, ಉಡುಪಿ ಕಡೆಯ ಇಗರ್ಜಿಗಳಲ್ಲಿ ಪಾದ್ರಿಗಳು ಒಂದು ಕಾಗದವನ್ನು ಕೈಗೆತ್ತಿಕೊಂಡು ಕೆಲವು ಪ್ರಕಟಣೆಗಳನ್ನು ಓದುತ್ತಾರೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ವಿವಾಹ ನಿಶ್ಚಯವಾಗಿದೆ, ಅಡ್ಡಿಯೇನಾದರೂ ಬಲ್ಲವರು ತಿಳಿಸಬೇಕು. ಬರುವ ವಾರ ಇಗರ್ಜಿಯನ್ನು ಗುಡಿಸಿ ಒಪ್ಪಮಾಡುವ ಸರದಿ ಇಂಥ ಕೇರಿಯದು. ನವದಿನದ ಪ್ರಾರ್ಥನೆ ಇಂಥ ದಿನ ಮೊದಲಾಗುವುದು, ಮಕ್ಕಳು ಹೂ ತರಬೇಕು. ಹಬ್ಬದ ಲೆಕ್ಕಪತ್ರದ ಸಭೆ ಸಂಜೆ ನಾಲ್ಕು ಗಂಟೆಗೆ. ಕೇಳುವವರಲ್ಲಿ ಅರ್ಧ ಜನ ಆಗಲೇ ಮನೆಯ ಕಡೆಗೆ ಮನಸ್ಸನ್ನು ಹರಿಸಿರುತ್ತಾರೆ. ಆದರೆ ಇತಿಹಾಸದಲ್ಲಿ ಆಸಕ್ತಿಯುಳ್ಳವನಿಗೆ ಈ ನಾಲ್ಕು ಮಾತುಗಳು ಯಾವ ತಾಮ್ರಶಾಸನಕ್ಕೂ ಕಡಿಮೆಯಾದುವಲ್ಲ. ಒಂದು ಜನ ಹೇಗೆ ಒಂದಾಗಿ ಬಾಳಿತು, ಕಟ್ಟಡವೇ ಇಲ್ಲದಾದಾಗಲೂ ಹೇಗೆ ಚದರದೆ ಉಳಿಯಿತು ಎಂಬುದು ಆ ಕಾಗದದ ಸಾಲುಗಳ ಹಿಂದೆ ಅಡಗಿದೆ.

ಮೊದಲು ಮಾತುಗಳನ್ನೇ ನೋಡೋಣ. ಇಗರ್ಜಿ ಎಂಬುದು ಪೋರ್ಚುಗೀಸ್ ಭಾಷೆಯಿಂದ ಬಂದ ಶಬ್ದ. ಒಂದು ಇಗರ್ಜಿಗೆ ಸೇರಿದ ಮನೆಗಳ ಒಟ್ಟಿಗೆ ಕೊಂಕಣಿ ಕ್ರೈಸ್ತರು ಫಿರ್ಗಜ್ ಎನ್ನುತ್ತಾರೆ, ಅದೂ ಅಲ್ಲಿಯದೇ. ಹಬ್ಬಕ್ಕೆ ಫೆಸ್ತ್, ಕ್ರಿಸ್ತಜಯಂತಿಗೆ ನತಾಲ್, ಇಗರ್ಜಿಯ ಮುಖ್ಯ ಪಾದ್ರಿಗೆ ವಿಗಾರ್. ಇವೆಲ್ಲ ಹಡಗಿನಲ್ಲಿ ಬಂದ ಮಾತುಗಳು. ಆದರೆ ಫಿರ್ಗಜನ್ನು ವಾಡೊ ಎಂಬ ಕೇರಿಗಳಾಗಿ ವಿಂಗಡಿಸಿ, ಪ್ರತಿ ವಾಡೊಗೆ ಒಬ್ಬ ಹಿರಿಯನನ್ನು ನೇಮಿಸುತ್ತಾರಲ್ಲ, ಆತನ ಹೆಸರು ಗುರ್ಕಾರ. ಇದು ಹಡಗಿನಲ್ಲಿ ಬಂದದ್ದಲ್ಲ, ನಮ್ಮ ಗುರಿಕಾರನೇ! ತುಳುನಾಡಿನ ಮೊಗವೀರ, ಬಿಲ್ಲವ ಮೊದಲಾದ ಸಮಾಜಗಳಲ್ಲಿ ನ್ಯಾಯ ಹೇಳುವ, ಮದುವೆ ಮಸಣಗಳಿಗೆ ಮುಂದೆ ನಿಲ್ಲುವ ಹಿರಿಯನಿಗೆ ಇರುವ ಹೆಸರೇ ಇಲ್ಲಿಯೂ ಇದೆ. ಪೂಜೆಯ ಮಾತು ಪರದೇಶದ್ದು, ಒಕ್ಕೂಟದ ಮಾತು ಈ ನೆಲದ್ದು ಎಂದರೆ ಹೆಚ್ಚು ತಪ್ಪಾಗಲಾರದು.

ಈ ಜನ ಇಲ್ಲಿಗೆ ಬಂದ ಬಗೆಯೂ ಹಾಗೆಯೇ. ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದ್ದು 1568ರಲ್ಲಿ. ಬೋಳಾರದ ರೊಸಾರಿಯೊ ಇಗರ್ಜಿಯ ಹುಟ್ಟನ್ನೂ ಆ ವರ್ಷಕ್ಕೇ ಹೇಳುತ್ತಾರೆ. ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಈ ದಾರಿಯಾಗಿ ಇಕ್ಕೇರಿಗೆ ಹೋದವನು, ಉಳ್ಳಾಲದ ರಾಣಿಯನ್ನು ಕಂಡು ಮಾತನಾಡಿದವನು. ಆತ ಮಂಗಳೂರಿನ ಇಗರ್ಜಿಗಳನ್ನೂ ಕಂಡು ಬರೆದಿದ್ದಾನೆ. ಆದರೆ ಕೋಟೆಯ ನೆರಳಿನಲ್ಲಿದ್ದ ಆ ಸಣ್ಣ ಗುಂಪಿನಿಂದ ಇಂದಿನ ಸಮುದಾಯ ಬೆಳೆಯಲಿಲ್ಲ. ಬೆಳೆದದ್ದು ಗೋವೆಯಿಂದ ಹೊರಟು ಬಂದ ಕುಟುಂಬಗಳಿಂದ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಶನ್ ಎಂಬ ಕಠಿನ ಧರ್ಮವಿಚಾರಣೆ ಮೊದಲಾಯಿತು, 1570ರಲ್ಲಿ ಬಿಜಾಪುರದ ದಾಳಿ, 1683ರಲ್ಲಿ ಸಂಭಾಜಿಯ ಮರಾಠಾ ಸೈನ್ಯದ ದಾಳಿ, ನಡುನಡುವೆ ಕ್ಷಾಮ. ಒಂದೊಂದು ಸಂಕಟಕ್ಕೂ ಒಂದೊಂದು ತಂಡ ದಕ್ಷಿಣಕ್ಕೆ ಇಳಿಯಿತು. ಇನ್‌ಕ್ವಿಸಿಶನ್ನಿಗೆ ಅಂಜಿ ಓಡಿ ಬಂದವರಲ್ಲಿ ಕ್ರೈಸ್ತರೂ ಇದ್ದರೆಂಬುದು ಸ್ವಾರಸ್ಯದ ಸಂಗತಿ. ಹೊಸ ಧರ್ಮವನ್ನು ಒಪ್ಪಿದ್ದರೂ ಹಳೆಯ ಉಡಿಗೆ, ಹಾಡು, ಊಟದ ಪದ್ಧತಿಗಳನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ.

ಅವರಿಗೆ ನೆಲೆ ಕೊಟ್ಟವರು ಕೆಳದಿಯ ನಾಯಕರು. ಇದರಲ್ಲಿ ಔದಾರ್ಯವೂ ಇತ್ತು, ಲೆಕ್ಕಾಚಾರವೂ ಇತ್ತು. ಅಂದು ಗೋವೆಗೆ ಅಕ್ಕಿ ಹೋಗುತ್ತಿದ್ದದ್ದು ಕನ್ನಡ ಕರಾವಳಿಯಿಂದ. ಗದ್ದೆ ಮಾಡಬಲ್ಲ ಕೈಗಳು ಯಾವ ದೊರೆಗೆ ಬೇಡ? ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1678ರ ಒಪ್ಪಂದದಂತೆ, ಕಲ್ಯಾಣಪುರ ಮೊದಲಾದೆಡೆ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರು ರಾಣಿಯಿಂದ ದೊರೆತ ನೆಲದಲ್ಲಿ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದರು. ಶಿವಾಚಾರದ ರಾಣಿಯೊಬ್ಬಳ ನೆಲದಲ್ಲಿ ಮರಿಯಮ್ಮನ ಇಗರ್ಜಿ ಎದ್ದಿತು. ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ ಆ ಕಾಲ ನಡೆದುಕೊಂಡಿತು.

ಇನ್ನು ಸಮುದಾಯದ ನೆನಪಿನಲ್ಲಿ ಇಂದಿಗೂ ಆರದ ಗಾಯದ ಮಾತು. ಇಂಗ್ಲಿಷರೊಡನೆ 1780ರಿಂದ 1784ರವರೆಗೆ ನಡೆದ ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಯಲು ಆಜ್ಞೆಮಾಡಿದನು. 1784ರ ಫೆಬ್ರವರಿಯಲ್ಲಿ ಅವರ ತಪಸ್ಸು ಕಾಲ ಮೊದಲಾಗುವ ವಿಭೂತಿ ಬುಧವಾರ, ಸೆರೆಯ ದಿನವೆಂದು ಸಮುದಾಯ ನೆನೆಯುತ್ತದೆ. ಪಾದ್ರಿಗಳನ್ನು ಗೋವೆಗೆ ಅಟ್ಟಲಾಯಿತು. ಮನೆಮಂದಿಯನ್ನೆಲ್ಲ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಎಷ್ಟು ಜನ ಎಂಬುದರಲ್ಲಿ ಬರೆದವರು ಒಮ್ಮತವಾಗಿಲ್ಲ: 30,000 ಎನ್ನುವವರಿದ್ದಾರೆ, 60,000 ಎನ್ನುವವರಿದ್ದಾರೆ. 27 ಇಗರ್ಜಿಗಳು ನೆಲಸಮವಾದುವೆಂದು ಅವರ ಇತಿಹಾಸಗಳು ಹೇಳುತ್ತವೆ. ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ಇಗರ್ಜಿ ಮಾತ್ರ ಅಲ್ಲಿಯ ಜೈನ ಅರಸು ಚೌಟರ ಬಿನ್ನಹದಿಂದ ಉಳಿಯಿತೆಂದು ಆ ಕಡೆಯವರು ಕೃತಜ್ಞತೆಯಿಂದ ನೆನೆಯುತ್ತಾರೆ. ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಬಂದ ಕೆಲವರಿಗೆ ದೊಡ್ಡ ವೀರರಾಜೇಂದ್ರನು ಆಶ್ರಯವಿತ್ತನು. ವಿರಾಜಪೇಟೆಯ ಸಂತ ಅನ್ನಮ್ಮನ ಇಗರ್ಜಿ 1792ರಿಂದ ನಡೆದು ಬಂದದ್ದು ಹಾಗೆ.

ಹದಿನೈದು ವರ್ಷ ಎಂದರೆ ಸ್ವಲ್ಪ ಕಾಲವಲ್ಲ. ಸೆರೆಗೆ ಹೋದ ಕೂಸು ಹಿಂತಿರುಗುವಾಗ ಮದುವೆಯ ವಯಸ್ಸಿಗೆ ಬಂದಿರುತ್ತದೆ. ಇಗರ್ಜಿ ಇಲ್ಲ, ಪಾದ್ರಿಗಳಿಲ್ಲ, ಗಂಟೆ ಇಲ್ಲ. ಕಥೋಲಿಕ ಧರ್ಮದಲ್ಲಿ ಪಾದ್ರಿಗಳಿಲ್ಲದೆ ಪೂಜೆ ನಡೆಯಲಾರದು. ಆದರೆ ಸಂಕಟದ ಹೊತ್ತಿನಲ್ಲಿ ಯಾರಾದರೂ ನೀರೆರೆದು ಮಗುವಿಗೆ ಜ್ಞಾನಸ್ನಾನ ಕೊಡಬಹುದು, ಜಪಮಣಿಯ ಪ್ರಾರ್ಥನೆಯನ್ನು ಮನೆಯ ಅಜ್ಜಿಯೇ ಹೇಳಿಕೊಡಬಹುದು. ಅಷ್ಟೇ ಉಳಿದಿದ್ದ ಆಸ್ತಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಘಟ್ಟ ಇಳಿದು ಬಂದರು. ಹೋದವರಿಗಿಂತ ಬಂದವರು ಬಹಳ ಕಡಿಮೆ. ಬಂದು ನೋಡಿದರೆ ಗದ್ದೆ ತೋಟಗಳು ಬೇರೆಯವರ ವಶ. ಜಿಲ್ಲೆಯ ಮೊದಲ ಕಲೆಕ್ಟರ್ ತಾಮಸ್ ಮನ್ರೋ ಕಂದಾಯದ ಕಟ್ಟಳೆ ಮಾಡುತ್ತಿದ್ದ ಕಾಲ ಅದು. ಕೆಲವರಿಗೆ ಹಳೆಯ ಭೂಮಿ ದೊರೆಯಿತು. ಕೆಲವರು ಮೂಲಗೇಣಿ, ಚಾಲಗೇಣಿಗಳಿಗೆ ಭೂಮಿ ಹಿಡಿದು ಮೊದಲಿನಿಂದ ಆರಂಭಿಸಿದರು.

ಇಗರ್ಜಿಗಳೂ ಮತ್ತೆ ಎದ್ದುವು. ಮಿಲಾಗ್ರಿಸ್ 1811ರಲ್ಲಿ, ರೊಸಾರಿಯೊ 1813ರಲ್ಲಿ. ನನಗೆ ಮುಖ್ಯವೆಂದು ತೋರುವುದು ಕಲ್ಲುಗಾರೆಯ ಈ ಲೆಕ್ಕವಲ್ಲ. ಚದರಿದ ಮನೆಗಳನ್ನು ಎಣಿಸಿ, ಯಾರ ಮಕ್ಕಳು ಯಾರ ಬಳಿ ಬೆಳೆದರು, ಯಾವ ವಿಧವೆಗೆ ಸೂರಿಲ್ಲ, ಯಾವ ಮದುವೆ ರಕ್ತಸಂಬಂಧಕ್ಕೆ ಅಡ್ಡಬರುತ್ತದೆ ಎಂಬುದನ್ನು ಬಲ್ಲವರು ಬೇಕಾಗಿತ್ತು. ಅದು ದೂರದಿಂದ ಬಂದ ಪಾದ್ರಿಯ ಕೈಲಾಗುವ ಕೆಲಸವಲ್ಲ, ಊರ ಹಿರಿಯರದು. ವಿವಾಹದ ಪ್ರಕಟಣೆಯನ್ನು ಮೂರು ಭಾನುವಾರ ಓದುವ ಪದ್ಧತಿ ರೋಮಿನ ಕಟ್ಟಳೆಯೇನೋ ಹೌದು. ಆದರೆ ಅಡ್ಡಿಯನ್ನು ಎದ್ದು ಹೇಳಬಲ್ಲ ಊರೊಂದು ಎದುರಿಗಿಲ್ಲದಿದ್ದರೆ ಆ ಓದಿಗೆ ಅರ್ಥವೇನು? ಮನೆಯಲ್ಲಿ ಸಾವಾದರೆ ಇಗರ್ಜಿಗೆ ಸುದ್ದಿ ಮುಟ್ಟಿಸುವುದು, ಕೇರಿಯ ಜಗಳವನ್ನು ಕೋರ್ಟಿಗೆ ಹೋಗದಂತೆ ತೀರಿಸುವುದು, ಹಬ್ಬದ ವಂತಿಗೆ ಎತ್ತುವುದು, ಇವೆಲ್ಲ ಗುರ್ಕಾರನ ಪಾಲಿನ ಕೆಲಸಗಳಾದುವು.

ಇದೆಲ್ಲ ಸತ್ಯಯುಗದ ಚಿತ್ರವೆಂದು ಓದುಗರು ಭಾವಿಸಬೇಕಾಗಿಲ್ಲ. ಗೋವೆಯಿಂದ ಬರುವಾಗ ಜಾತಿಯೂ ಗಂಟುಮೂಟೆಯೊಡನೆ ಬಂದಿತ್ತು. ಬಾಮಣ, ಚಾರೊಡಿ, ಸುದಿರ್ ಎಂಬ ಭೇದಗಳು ಮದುವೆಯ ಮಾತುಕತೆಯಲ್ಲಿಯೂ ಹಬ್ಬದ ಮಾನಮರ್ಯಾದೆಗಳಲ್ಲಿಯೂ ಬಹುಕಾಲ ತಲೆಯೆತ್ತುತ್ತಿದ್ದುವು. ಪೂಜೆಗೆ ಒಂದೇ ಸೂರು, ಸಂಬಂಧಕ್ಕೆ ಬೇರೆ ಬೇರೆ ಅಂಗಳ. ನಮ್ಮ ನಾಡಿನಲ್ಲಿ ಯಾವ ಧರ್ಮ ಈ ಅಂಗಳಗಳನ್ನು ಪೂರ್ತಿಯಾಗಿ ಅಳಿಸಿದೆ?

ಒಕ್ಕೂಟದ ಬಾಳು ತುಂಬ ಚೆಲುವಾಗಿ ಕಾಣುವುದು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ. ಅದು ಮರಿಯಮ್ಮನವರ ಹುಟ್ಟಿದ ದಿನ. ಫರಂಗಿಪೇಟೆಯ ಗುಡ್ಡದ ಮೇಲಿನ ಮೊಂತೆ ಮರಿಯಾನೊ ಇಗರ್ಜಿಯಲ್ಲಿ, 1763ರ ಸುಮಾರಿಗೆ, ಗೋವೆಯ ಪಾದ್ರಿ ಜೊವಾಕಿಂ ಮಿರಾಂದಾ ಅವರು ಇದನ್ನು ಮೊದಲು ಮಾಡಿದರೆಂದು ರೂಢಿಯ ಮಾತು; ಮೊಂತೆ ಎಂದರೆ ಗುಡ್ಡ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬೇಲಿಯ, ಹಿತ್ತಿಲ ಹೂಗಳನ್ನೆಲ್ಲ ಬುಟ್ಟಿಗೆ ಕೊಯ್ದು ತಂದು, ಹಾಡುತ್ತ ಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮೆರವಣಿಗೆಯಲ್ಲಿ ತಂದು ಮನೆಗೊಂದರಂತೆ ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬಿನ ಕೋಲು. ಮನೆಯಲ್ಲಿ ಆ ತೆನೆಯ ಕಾಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಎಲ್ಲರೂ ಸೇರಿ ಕುಡಿದ ಮೇಲೆ ಎಲೆಯಲ್ಲಿ ಊಟ. ಅಂದು ಮೀನು ಮಾಂಸಗಳಿಲ್ಲ, ಬರಿಯ ತರಕಾರಿ. ಕರಾವಳಿಯ ಕ್ರೈಸ್ತರ ಮನೆಯಲ್ಲಿ ಮೀನಿಲ್ಲದ ಹಬ್ಬ ಎಂದರೆ ಅದರ ಹಿಂದೆ ಎಷ್ಟು ಹಳೆಯ ಸಂಸ್ಕಾರವಿರಬೇಕೆಂದು ತಾವೇ ಊಹಿಸಬಹುದು. ತುಳುವರು ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವುದು, ಗಣೇಶೋತ್ಸವದಲ್ಲಿ ತೆನೆ ಹಂಚುವುದು, ಕೊಡವರು ಪುತ್ತರಿಗೆ ಕದಿರು ಕೊಯ್ಯುವುದು, ಇವೆಲ್ಲದರ ಸಾಲಿನಲ್ಲೇ ಇದೂ ನಿಲ್ಲುತ್ತದೆ.

ಊರು ಬಿಟ್ಟು ಮುಂಬಯಿಗೆ ಹೋದ ಮಗನಿಗೆ ತಾಯಿ ಆ ತೆನೆಯ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದಳು. 1970ರ ದಶಕದಿಂದೀಚೆಗೆ ಆ ಲಕೋಟೆಗಳು ಕೊಲ್ಲಿಯ ದೇಶಗಳಿಗೂ ಹೊರಟುವು. ತಲುಪಿದ ಕಾಳನ್ನು ಅಲ್ಲಿಯ ಅಡಿಗೆಗೆ ಬೆರೆಸಿ ಅವನೂ ಊಟದಲ್ಲಿ ಪಾಲುಗೊಂಡಂತೆ.

ಮಿಕ್ಕ ಹಬ್ಬಗಳ ವಿಷಯ ಬೇಗನೆ ಹೇಳಿ ಮುಗಿಸಬಹುದು. ಪ್ರತಿಯೊಂದು ಇಗರ್ಜಿಗೂ ತನ್ನ ಸಂತನ ಹಬ್ಬ. ಅದಕ್ಕೆ ಮುಂಚಿನ ಭಾನುವಾರ ಬಂಧುತ್ವದ ಮೆರವಣಿಗೆ. ಖರ್ಚು ವಹಿಸಿದವರಿಗೆ ಪೂಜೆಯಲ್ಲಿ ಮೇಣದ ಬತ್ತಿಯ ಗೌರವ. ನವೆಂಬರ್ 2 ಸತ್ತವರ ನೆನಪಿನ ದಿನ, ಸಮಾಧಿಗಳಿಗೆ ಹೂ, ದೀಪ. ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆ, ಜನರ ಬಾಯಿಯಲ್ಲಿ ಅದು ಸಾಂತುಮಾರಿ. ಅಲ್ಲಿ ಮೇಣದ ಬತ್ತಿ ಹಿಡಿದು ಹರಕೆ ಸಲ್ಲಿಸುವವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇರುತ್ತಾರೆ. ಈ ಇಗರ್ಜಿಗೆ 2016ರಲ್ಲಿ ಬಸಿಲಿಕ ಎಂಬ ಪದವಿ ದೊರೆಯಿತು.

ಪ್ರಕಟಣೆಯ ಭಾಷೆಯೂ ಬದಲಾಗುತ್ತ ಬಂದಿದೆ. ಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಹಳ್ಳಿಯ ಹೆಂಗಸಿಗೆ ತಿಳಿಯುತ್ತಿದ್ದ ಭಾಗವೆಂದರೆ ಪ್ರವಚನ ಮತ್ತು ಈ ಪ್ರಕಟಣೆ. 1912ರಲ್ಲಿ ‘ಕೊಂಕಣಿ ದಿರ್ವೆಂ’, 1938ರಲ್ಲಿ ‘ರಾಕ್ಣೊ’ ಪತ್ರಿಕೆಗಳು ಹೊರಟುವು. ಭಾಷೆ ಕೊಂಕಣಿ, ಲಿಪಿ ಕನ್ನಡ. ಹೀಗೆ ಅನೇಕ ಮನೆಗಳಲ್ಲಿ ಕನ್ನಡದ ಅಕ್ಷರ ದೇವರ ಮಾತಿಗೂ ಊರ ಸುದ್ದಿಗೂ ಒಂದೇ ಆಯಿತು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜೆಯೂ ಜನರ ಭಾಷೆಗೆ ಇಳಿಯಿತು: ಕರಾವಳಿಯಲ್ಲಿ ಕೊಂಕಣಿ, ಘಟ್ಟದ ಮೇಲೆ ಕನ್ನಡ. ಫಿರ್ಗಜಿಗೊಂದು ಚುನಾಯಿತ ಪರಿಷತ್ತೂ ಬಂದಿತು. ಒಂದು ಕಾಲಕ್ಕೆ ಮೀಸೆ ಹೊತ್ತ ಗಂಡಸರಿಗೇ ಮೀಸಲಾಗಿದ್ದ ಗುರ್ಕಾರನ ಸ್ಥಾನದಲ್ಲಿ ಇಂದು ಹೆಂಗಸರೂ ಕುಳಿತಿದ್ದಾರೆ. ಕೆಲಸ ಹಗುರವಾಗಿಲ್ಲ: ಮಕ್ಕಳೆಲ್ಲ ಪರದೇಶದಲ್ಲಿರುವ ಮನೆಯ ಮುದುಕರನ್ನು ವಾರಕ್ಕೊಮ್ಮೆ ಕಂಡುಬರುವುದು ಈಗ ವಂತಿಗೆ ಎತ್ತುವುದಕ್ಕಿಂತ ದೊಡ್ಡ ಕೆಲಸ.

ಇನ್ನೊಂದು ಕಷ್ಟ ಗದ್ದೆಯದು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಕಾನೂನು ಉಳುವವನಿಗೆ ಭೂಮಿ ಕೊಟ್ಟಿತು. ಗೇಣಿಯವರಾಗಿದ್ದ ಕ್ರೈಸ್ತರು ಒಡೆಯರಾದರು, ಒಡೆಯರಾಗಿದ್ದವರು ಕಳೆದುಕೊಂಡರು. ಅದು ನ್ಯಾಯದ ಮಾತು. ಆಮೇಲೆ ಕೂಲಿಯ ಅಭಾವ, ಪಟ್ಟಣದ ಬೆಳವಣಿಗೆ, ನಿವೇಶನದ ಬೆಲೆ, ಇವುಗಳಿಂದ ಗದ್ದೆಗಳು ಅಡಿಕೆಯ ತೋಟಗಳಾದುವು, ಇಲ್ಲವೆ ಮಣ್ಣು ತುಂಬಿಸಿಕೊಂಡು ಮನೆಗಳಾದುವು. ಮಂಗಳೂರು ಪಟ್ಟಣದ ಫಿರ್ಗಜುಗಳಲ್ಲಿ ನೂರಾರು ಮನೆಗಳಿಗೆ ತೆನೆ ಬೇಕು, ತೆನೆ ಕೊಡುವ ಗದ್ದೆ ಇಲ್ಲ. ಕೆಲವರು ದೂರದ ಹಳ್ಳಿಯಿಂದ ಕೊಂಡು ತರುತ್ತಾರೆ. ಇನ್ನು ಕೆಲವು ಇಗರ್ಜಿಗಳಲ್ಲಿ ಉಳಿದಿರುವ ತುಂಡು ನೆಲವನ್ನು ಜನರೇ ಸೇರಿ ಉತ್ತು, ನೇಜಿ ನೆಟ್ಟು, ತೆನೆಯನ್ನು ತಾವೇ ಬೆಳೆಯತೊಡಗಿದ್ದಾರೆ. ಶಾಲೆಯ ಹುಡುಗರು, ಬ್ಯಾಂಕಿನ ಗುಮಾಸ್ತರು, ನಿವೃತ್ತ ಮಾಸ್ತರರು ಕೆಸರಿಗೆ ಇಳಿಯುತ್ತಾರೆ. ಹಗ್ಗ ಹಿಡಿದು ಸಾಲು ತಿದ್ದುವ ಹಿರಿಯ ಹೆಂಗಸರು ಸಿಕ್ಕರೆ ಅದೃಷ್ಟ.

ಇದರಲ್ಲಿ ತಡಮಾಡುವಂತಿಲ್ಲ. ಮಳೆಗಾಲದ ಏಣೆಲು ಬೆಳೆಗೆ ಕೊಯ್ಲು ಸಾಮಾನ್ಯವಾಗಿ ಅಕ್ಟೋಬರ್ ತಿಂಗಳಲ್ಲಿ. ಹಬ್ಬಕ್ಕೆ ಬೇಕಾದದ್ದು ಸೆಪ್ಟೆಂಬರ್ ಮೊದಲ ವಾರದಲ್ಲಿ ತಲೆದೋರುವ ಹಸಿ ತೆನೆ. ನಾಲ್ಕು ತಿಂಗಳ ತಳಿಯಾದರೆ ಜೂನ್ ಆರಂಭದಲ್ಲೇ ಬೀಜ ಮಡಿಗೆ ಬೀಳಬೇಕು. ಮಳೆ ಹಿಂದುಮುಂದಾಗಬಹುದು, ಹಬ್ಬದ ತಾರೀಖು ಆಗುವುದಿಲ್ಲ. ಆದ್ದರಿಂದ ಇಂಥ ಇಗರ್ಜಿಗಳಲ್ಲಿ ಮೇ ತಿಂಗಳ ಕೊನೆಯ ಭಾನುವಾರವೇ ಗುರ್ಕಾರರ ನಡುವೆ ಮಾತು ಹೊರಡುತ್ತದೆ: ಬೀಜ ಯಾರ ಮನೆಯಲ್ಲಿದೆ, ಟಿಲ್ಲರು ಯಾರದು, ನೇಜಿಯ ದಿನ ಯಾವ ವಾಡೊದಿಂದ ಎಷ್ಟು ಜನ.